ಬರೆದದ್ದು ಯಾವ ದೇಶದ ಬಗ್ಗೆ?

"ಕೇಳ್ರಪ್ಪೋ ಕೇಳಿ! ಸಿರಿಗಡಿಯ ದೊರೆ ವೀರಮಲ್ಲರಾಯರ ಅಪ್ಪಣೆ! ರಾಜ ವಿಶ್ವವಿದ್ಯಾಲಯದ ಏಷ್ಯಾ ಅಧ್ಯಯನ ಪೀಠಕ್ಕೆ ಮುಖ್ಯಸ್ಥರು ಬೇಕಾಗಿದ್ದಾರೆ. ಚೀನಾ ದೇಶದ ಆಡಳಿತ, ಬೇಸಾಯ, ವ್ಯಾಪಾರ ಬಲ್ಲವರು ಅರಮನೆಗೆ ಬರಬಹುದು. ದೊರೆ ಕೇಳುವ ಮೂರು ಒಗಟು ಬಿಡಿಸಿದವರಿಗೆ ಪೀಠ, ತಪ್ಪಿದವರಿಗೆ ತಲೆದಂಡ! ನಾಳೆ ಸಂಜೆಯೊಳಗೆ ಯಾರೂ ಗೆಲ್ಲದಿದ್ದರೆ ಪೀಠಕ್ಕೆ ಬೀಗ!"

ದೊರೆಗಳ ಕಾಲದಲ್ಲಿ ವಿಶ್ವವಿದ್ಯಾಲಯ ಎಲ್ಲಿತ್ತು ಅಂತ ಮೂಗು ಮುರಿಯಬೇಡಿ. ನನ್ನ ಕತೆಯಲ್ಲಿ ಇತ್ತು, ಅಷ್ಟೇ. ಮೇಷ್ಟ್ರ ಕೆಲಸಕ್ಕೆ ತಲೆದಂಡವೇ ಅಂತ ಊರೆಲ್ಲ ಮೂಗಿನ ಮೇಲೆ ಬೆರಳಿಟ್ಟಿತು. ದೊರೆಯ ವಾದವೇ ಬೇರೆ. ಚೀನಾವನ್ನು ತಪ್ಪು ತಿಳಿದವನು ತನಗೆ ತಪ್ಪು ಸಲಹೆ ಕೊಟ್ಟರೆ ನಾಳೆ ಸಾವಿರ ತಲೆ ಹೋಗುತ್ತವೆ, ಅದಕ್ಕಿಂತ ಇವತ್ತು ಒಂದು ಹೋಗಲಿ ಎನ್ನುತ್ತಿದ್ದ. ಎಂಥಾ ಲೆಕ್ಕಾಚಾರ ನೋಡಿ!

ಮಾರನೆಯ ದಿನ ಆಸ್ಥಾನ ತುಂಬಿತು. ಪೀಠವನ್ನು ಇಷ್ಟು ಕಾಲ ನಡೆಸಿದ್ದ ಗುರುಗಳು ಶಾಂತವೀರಾಚಾರ್ಯರು, ಕಣ್ಣು ಮಂಜಾಗಿ ಕೆಲಸ ಬಿಟ್ಟವರು, ದೊರೆಯ ಪಕ್ಕದಲ್ಲೇ ಕೂತಿದ್ದರು. ದೊರೆ ಮೊದಲ ಒಗಟು ಕೇಳಿದ.

"ಚೀನಾದಲ್ಲೊಂದು ಹಳ್ಳಿ. ಅಲ್ಲಿಯ ಹೊಲ ದೊರೆಯದಲ್ಲ, ಸಾಹುಕಾರನದಲ್ಲ, ಉಳುವವನ ಸ್ವಂತದ್ದೂ ಅಲ್ಲ. ಮೊದಲು ಮೈಗಳ್ಳನಾಗಿದ್ದವನು ಈಗ ಅದೇ ಹೊಲವನ್ನು ಮಗುವಿನ ಹಾಗೆ ನೋಡಿಕೊಳ್ಳುತ್ತಾನೆ. ಹೊಲ ಯಾರದು? ಪ್ರೀತಿ ಹುಟ್ಟಿದ್ದು ಯಾತರಿಂದ?"

ಆಸ್ಥಾನ ವಿದ್ವಾಂಸ ಫಣೀಂದ್ರಶಾಸ್ತ್ರಿ ಶಲ್ಯ ಸರಿಮಾಡಿಕೊಂಡು ಎದ್ದ. "ಇದೇನು ಮಹಾ! ಭೂಮಿಯೆಲ್ಲ ದೊರೆಯದೇ. ಪ್ರೀತಿಯೂ ದೊರೆಯ ಮೇಲಿನ ಭಕ್ತಿಯಿಂದಲೇ, ಮಹಾಸ್ವಾಮಿ."

"ದೊರೆಯದಲ್ಲ ಅಂತ ಒಗಟಿನಲ್ಲೇ ಹೇಳಿದೆನಲ್ಲ ಶಾಸ್ತ್ರಿಗಳೇ, ಕಿವಿ ಎಲ್ಲಿಟ್ಟಿದ್ದಿರಿ?" ಎಂದ ದೊರೆ. ಹೊಗಳಿ ಹೊಗಳಿ ಅಭ್ಯಾಸವಾದ ನಾಲಿಗೆ, ಪಾಪ. ಭಟರು ಅವನನ್ನು ಸೆರೆಮನೆಗೆ ಕರೆದುಕೊಂಡು ಹೋದರು.

ಆಮೇಲೆ ಎದ್ದವನು ತ್ರಿಯಂಬಕರಾಯ, ಚೀನಾಕ್ಕೆ ರಾಯಭಾರಿಯಾಗಿ ಹೋಗಿಬಂದವನು. "ಹೊಲ ಇಡೀ ಊರಿನದು" ಎಂದ. ದೊರೆ ಹೌದೆಂದು ತಲೆಯಾಡಿಸಿದ. ತ್ರಿಯಂಬಕರಾಯ ಮುಂದುವರಿಸಿದ: "ಪ್ರೀತಿ ಹುಟ್ಟಿದ್ದು ಊರಿನ ಅಭಿಮಾನದಿಂದ. ಅಲ್ಲಿಯ ಅಧಿಕಾರಿಗಳೇ ಊಟಕ್ಕೆ ಕರೆದು ನನಗೆ ಹೇಳಿದ್ದಾರೆ."

"ಉಂಡ ಮನೆಯ ಮಾತು ನಂಬಿದಿರಿ, ರಾಯರೇ" ಎಂದ ದೊರೆ. ಅವನನ್ನೂ ಒಯ್ದರು. ಇಬ್ಬರ ತಲೆಯೂ ಸಂಜೆಗೆ ಅಂತ ನಿಶ್ಚಯವಾಯಿತು.

ಇನ್ನು ಯಾರೂ ಏಳಲಿಲ್ಲ. ಬೀಗ ತರಲು ಆಳು ಹೊರಟೂಬಿಟ್ಟ. ಆಗ ಹಿಂದಿನ ಸಾಲಿನಿಂದ ಸಣ್ಣೀರಮ್ಮ ಎದ್ದು ನಿಂತಳು. ಕುಂಬಾರರ ಮನೆಯ ಹುಡುಗಿ, ಹೊಸ ವಿದ್ಯಾರ್ಥಿಗಳಿಗೆ ಚೀನೀ ಅಕ್ಷರ ತಿದ್ದಿಸುವ ಕಿರಿಯ ಮೇಡಂ. ಗುರುಗಳ ಜೊತೆ ಒಮ್ಮೆ ಚೀನಾಕ್ಕೆ ಹೋಗಿದ್ದಾಗ ಸಿಕ್ಕಸಿಕ್ಕವರನ್ನೆಲ್ಲ ಪ್ರಶ್ನೆ ಕೇಳಿ ಎಲ್ಲರ ತಲೆ ತಿಂದವಳು. ತಪ್ಪಿದರೆ ತಲೆ ಹೋಗುತ್ತದೆಂದು ಗೊತ್ತಿತ್ತು. ಆದರೆ ಪೀಠ ಮುಚ್ಚಿದರೆ ಕೇಳಬೇಕಾದ ಪ್ರಶ್ನೆಗಳೆಲ್ಲ ಹೊಟ್ಟೆಯಲ್ಲೇ ಉಳಿದುಹೋಗುತ್ತವಲ್ಲ! ಅದು ಅವಳಿಗೆ ಸಾವಿಗಿಂತ ಸಂಕಟ.

"ಹೊಲ ಊರಿನದೇ, ಮಹಾಸ್ವಾಮಿ. ಅಧಿಕಾರಿಗಳನ್ನು ನಾನೂ ಕೇಳಿದೆ, ಅಭಿಮಾನ ಅಂದರು. ಆಮೇಲೆ ಉಳುವವನನ್ನು ಕೇಳಿದೆ, ನಕ್ಕ. ಅವನ ಹೆಂಡತಿಯನ್ನು ಕೇಳಿದೆ, ಕಣಜ ತೋರಿಸಿದಳು. ಮೊದಲು ಎಷ್ಟು ದುಡಿದರೂ ಎಲ್ಲರ ರಾಶಿಗೇ ಹೋಗುತ್ತಿತ್ತಂತೆ. ಈಗ ಸರ್ಕಾರದ ಪಾಲು, ಊರಿನ ಪಾಲು ಕೊಟ್ಟು ಮಿಕ್ಕಿದ್ದು ಅವರ ಮನೆಗೇ. ಪ್ರೀತಿ ಹುಟ್ಟಿದ್ದು ಆ ಮಿಕ್ಕಿದ್ದರಿಂದ."

"ಭಲೇ!" ಎಂದ ದೊರೆ. "ಎರಡನೆಯದು ಕೇಳು. ರಾಜಧಾನಿಯಿಂದ ಒಂದೇ ಅಪ್ಪಣೆ ಹೊರಟಿತು. ಒಂದೂರು ಕಾರ್ಖಾನೆ ಕಟ್ಟಿತು, ಇನ್ನೊಂದು ಸಂತೆ ಕಟ್ಟಿತು, ಮತ್ತೊಂದು ಬಂದರು ತೆರೆಯಿತು. ಅಪ್ಪಣೆ ಪಾಲಿಸಿದೆವು ಅಂತ ಮೂವರೂ ಹೇಳಿದರು. ಇವರಲ್ಲಿ ಸುಳ್ಳು ಹೇಳಿದವರು ಯಾರು?"

ಅವಳು ಮೂವರಲ್ಲಿ ಒಬ್ಬರ ಹೆಸರು ಹೇಳಲು ಬಾಯಿ ತೆರೆದು, ತಟ್ಟನೆ ನಿಲ್ಲಿಸಿ ಕೇಳಿದಳು: "ಆ ಅಪ್ಪಣೆಯಲ್ಲಿ ಏನು ಮಾಡಿ ಅಂತ ಬರೆದಿತ್ತು, ಮಹಾಸ್ವಾಮಿ?"

"ಊರನ್ನು ಏಳಿಗೆಗೆ ತನ್ನಿ ಅಂತ. ಅಷ್ಟೇ."

"ಹಾಗಾದರೆ ಯಾರೂ ಸುಳ್ಳು ಹೇಳಿಲ್ಲ. ಯಾವುದು ಫಲಿಸುತ್ತೆ ಅಂತ ರಾಜಧಾನಿಗೇ ಗೊತ್ತಿರಲಿಲ್ಲ, ಬೇಕೆಂತಲೇ ಸಡಿಲ ಬಿಟ್ಟಿತು. ಯಾರದು ಗೆದ್ದಿತೋ ಅದೇ ಮುಂದಿನ ಅಪ್ಪಣೆಯಾಗುತ್ತೆ."

ಸಭೆ ಚಪ್ಪಾಳೆ ಹೊಡೆಯಿತು. ದೊರೆ ಮಾತ್ರ ನಗಲಿಲ್ಲ. "ಕೊನೆಯದು. ಒಬ್ಬ ಪಂಡಿತ ಚೀನಾದ ಬಗ್ಗೆ ದೊಡ್ಡ ಪುಸ್ತಕ ಬರೆದ. ಅದರಲ್ಲಿ ಒಂದೂ ತಪ್ಪಿಲ್ಲ. ಅದನ್ನು ಓದಿದ ಚೀನೀಯನೊಬ್ಬ, 'ಚೆನ್ನಾಗಿದೆ, ಇದು ಯಾವ ದೇಶ?' ಅಂತ ಕೇಳಿದ. ಪಂಡಿತ ಬರೆದದ್ದು ಯಾವ ದೇಶದ ಬಗ್ಗೆ?"

ಸಣ್ಣೀರಮ್ಮನಿಗೆ ಉತ್ತರ ಗೊತ್ತಿತ್ತು. ಆದರೆ ಪೀಠದಲ್ಲಿ ಅಂಥ ಪುಸ್ತಕ ಇದ್ದದ್ದು ಒಂದೇ. ಅದು ಅನ್ನ ಹಾಕಿ ಅಕ್ಷರ ಕಲಿಸಿದ ಗುರುಗಳದು. ಅವರೆದುರೇ ಹೇಳುವುದು ಹೇಗೆ? ಹೇಳದಿದ್ದರೆ ತಲೆಯೂ ಇಲ್ಲ, ಪೀಠವೂ ಇಲ್ಲ. ಹೇಳಿದರೆ ದೊರೆಗೂ ಸಿಟ್ಟು ಬರುವ ಮಾತು ಅದು.

"ಗುರುಗಳು ಕ್ಷಮಿಸಬೇಕು" ಎಂದು ಕೈಮುಗಿದಳು. ಕಣ್ಣು ತುಂಬಿತ್ತು. "ಬರೆದದ್ದು ನಮ್ಮ ದೇಶದ ಬಗ್ಗೆ, ಮಹಾಸ್ವಾಮಿ. ಅವರು ನಮಗಿಂತ ಮುಂದೋ ಹಿಂದೋ, ನಮಗೆ ಅಪಾಯವೋ ಲಾಭವೋ ಅಂತ ಅರಮನೆ ಕೇಳುತ್ತಾ ಬಂತು. ಪುಸ್ತಕ ಅದಕ್ಕಷ್ಟೇ ಉತ್ತರ ಕೊಟ್ಟಿತು. ಅದರಲ್ಲಿ ಇರುವುದೆಲ್ಲ ನಮ್ಮ ಭಯ, ನಮ್ಮ ಆಸೆ. ಅವರು ತಮಗೆ ತಾವು ಏನು ಕೇಳಿಕೊಳ್ಳುತ್ತಾರೆ ಅಂತ ಯಾರೂ ವಿಚಾರಿಸಲೇ ಇಲ್ಲ."

ದೊರೆಯ ಮುಖ ಕೆಂಪಗಾಯಿತು. "ಅಂದರೆ ತಪ್ಪು ನನ್ನದು ಅಂತೀಯಾ?"

"ಇಬ್ಬರದೂ" ಎಂದರು ಶಾಂತವೀರಾಚಾರ್ಯರು. "ಕೊನೆಯ ಒಗಟು ಕಟ್ಟಿದವನು ನಾನೇ ಅಲ್ಲವೇ, ದೊರೆ? ಉತ್ತರ ಆಮೇಲೆ ಹೇಳುತ್ತೇನೆ ಅಂದಿದ್ದೆ. ಇವಳು ಹೇಳಿದ್ದೇ ಉತ್ತರ. ಇದನ್ನು ನನ್ನ ಮುಖಕ್ಕೆ ಹೇಳುವ ಎದೆಗಾರಿಕೆ ಇದ್ದವರ ಕೈಗೇ ಪೀಠ ಕೊಡಬೇಕು ಅಂತಿತ್ತು. ಬಾ ಮಗಳೇ, ಹತ್ತಿರ ಬಾ."

ಅವಳು ಹೋಗಿ ಕಾಲಿಗೆ ಬಿದ್ದಳು. ಮುದುಕರು ಅವಳ ತಲೆ ಸವರಿದರು. ದೊರೆ ಪೀಠದ ಮುದ್ರೆಯನ್ನು ಅವಳ ಕೈಗೆ ಕೊಟ್ಟ. "ಬೇರೇನು ಬೇಕು, ಕೇಳು."

"ಸೆರೆಯಲ್ಲಿರುವ ಇಬ್ಬರೂ ಬೇಕು, ಮಹಾಸ್ವಾಮಿ. ಪೀಠ ಒಬ್ಬಳಿಂದ ನಡೆಯಲ್ಲ. ಶಾಸ್ತ್ರಿಗಳಿಗೆ ಚೀನೀಯರ ಹಳೆಯ ಗ್ರಂಥಗಳೆಲ್ಲ ಬಾಯಿಪಾಠ. ರಾಯರಿಗೆ ಅಲ್ಲಿಯ ಅಧಿಕಾರಿಗಳೆಲ್ಲ ಪರಿಚಯ. ಊಟ ಮುಗಿಸಿ ಅಡುಗೆಮನೆಗೂ ಹೋಗಿ ಅಲ್ಲಿರುವವರನ್ನ ಮಾತಾಡಿಸೋದನ್ನ ನಾನು ಕಲಿಸುತ್ತೇನೆ."

ದೊರೆ ನಕ್ಕುಬಿಟ್ಟ, ಇಬ್ಬರ ತಲೆಯೂ ಉಳಿಯಿತು. ಸಭೆ ಕರಗಿದ ಮೇಲೆ ಅವಳನ್ನು ಬಾಗಿಲ ಬಳಿ ತಡೆದು ನಿಲ್ಲಿಸಿದ.

"ಅಲ್ಲಮ್ಮ, ನಮ್ಮ ವಿಚಾರ ಪಕ್ಕಕ್ಕಿಟ್ಟು ನೋಡಿದರೆ, ಆ ಜನ ನಿಜಕ್ಕೂ ಹೇಗಿದ್ದಾರೆ?"

ಇಷ್ಟು ವರ್ಷಕ್ಕೆ ಸಿರಿಗಡಿಯ ದೊರೆಯೊಬ್ಬ ಆ ಪ್ರಶ್ನೆ ಕೇಳಿದ್ದು ಅದೇ ಮೊದಲು. ಸಣ್ಣೀರಮ್ಮನ ಮುಖ ಅರಳಿತು.

"ಗೊತ್ತಿಲ್ಲ, ಮಹಾಸ್ವಾಮಿ. ಹೋಗಿ ಕೇಳಿಕೊಂಡು ಬರ್ತೀನಿ."