ಗೇಣೆತ್ತರದ ಹೊಸ್ತಿಲು

ಹೊಳೆದಂಡೆಯಲ್ಲಿ ಕಾಳಾಚಾರ್ಯರ ಬಡಗಿ ಶಾಲೆ. ಕಲಿತು ಮುಗಿಸಿದ ಶಿಷ್ಯನಿಗೆ ಗುರು ತನ್ನದೊಂದು ಉಳಿ ಕೊಡುವುದು ಅಲ್ಲಿಯ ಪದ್ಧತಿ. ಅದು ಕೈಗೆ ಬಂದ ಮೇಲೇ ಹೊರಗೆ ಸ್ವಂತ ಕೆಲಸ. ಅಲ್ಲಿಯತನಕ ಎಂಥ ಜಾಣನನ್ನೂ ಯಾರೂ ಕರೆಯುವುದಿಲ್ಲ.

ಮೋನಪ್ಪನಂಥ ಕೈ ಆ ಶಾಲೆಯಲ್ಲಿ ಇನ್ನೊಂದಿರಲಿಲ್ಲ. ಅದು ಅವನಿಗೂ ಗೊತ್ತಿತ್ತು, ಎಡವಟ್ಟಾಗಿದ್ದೂ ಅಲ್ಲೇ. ಪಕ್ಕದೂರಿನ ಗೌಡರು ತಮ್ಮ ಹೊಸ ಮನೆಯ ಮರಗೆಲಸವೆಲ್ಲ ನಿನಗೇ, ಉಳಿ ಹಿಡಿದು ಬಾ ಅಂದಿದ್ದರು. ಕೊನೆಯ ಪರೀಕ್ಷೆಯೆಂದು ಗುರುಗಳು ಅವನನ್ನು ಕುರುಡಿ ಈರಮ್ಮಜ್ಜಿಯ ಮನೆಗೆ ಬಾಗಿಲು ಕೂರಿಸಲು ಕಳಿಸಿದರು.

ಮುಗಿಸಿದ ಮರುದಿನ ಬೆಳಿಗ್ಗೆ ಬಂದವನೇ ಕೈಯೊಡ್ಡಿ ನಿಂತ.

“ಗುರುಗಳೇ, ಉಳಿ?”

ಉಳಿ ಮಸೆಯುತ್ತಿದ್ದ ಕಾಳಾಚಾರ್ಯರು ತಲೆ ಎತ್ತಲಿಲ್ಲ. “ಬಾಗಿಲು ಹೇಗೆ ಕೂತಿದೆ?”

“ಕೂದಲು ತೂರಿಸಲೂ ಸಂದಿಲ್ಲ.”

“ಹೊಸ್ತಿಲು?”

“ನೀವು ಕಲಿಸಿದಂತೆ ಗೇಣೆತ್ತರ. ಹಳೆಯದು ಸವೆದು ನೆಲಕ್ಕೇ ಹತ್ತಿತ್ತು. ಕಿತ್ತೆಸೆದೆ.”

“ಅಜ್ಜಿ ಏನಂದಳು?”

ಮೋನಪ್ಪ ನಕ್ಕ. “ಅಯ್ಯೋ, ಅವಳ ಬಾಯಿಗೆ ಬಿಡುವುಂಟೇ? ಪಕ್ಕದಲ್ಲೇ ಕೂತು ‘ಮಗಾ, ಒಂದು ಮಾತು ಕೇಳು’ ಅಂತ ಒಂದೇ ವರಾತ. ‘ಸುಮ್ನಿರಜ್ಜಿ, ಅಳತೆ ತಪ್ಪುತ್ತೆ’ ಅಂದೆ.”

“ಯಾವ ಮಾತು?”

“ಕೇಳಲಿಲ್ಲ.”

“ಈಗಷ್ಟೇ ಆಕೆಯ ಸೊಸೆ ಬಂದು ಹೋದಳು. ನಿನ್ನೆ ಸಂಜೆ ಅಜ್ಜಿ ಹೊಸ್ತಿಲು ಎಡವಿ ಬಿದ್ದಿದ್ದಾಳೆ. ಸೊಂಟ ಮುರಿದಿದೆ, ಇನ್ನು ಏಳುವುದಿಲ್ಲವಂತೆ. ಕಣ್ಣಿಲ್ಲದವಳು, ಹಳೆ ಹೊಸ್ತಿಲನ್ನು ಕಾಲಲ್ಲೇ ಕಲಿತಿದ್ದಳು. ಅಷ್ಟೇ ಎತ್ತರಕ್ಕಿಡಪ್ಪಾ ಅನ್ನುವುದೇ ಆ ಒಂದು ಮಾತು.”

ಮೋನಪ್ಪ ಒಡ್ಡಿದ್ದ ಕೈ ಹಿಂತೆಗೆದ. ಆದರೂ ತಪ್ಪು ಮೈಮೇಲೆ ಬಂದಾಗ ನಾಲಿಗೆಗೆ ಎಲ್ಲಿಲ್ಲದ ಚುರುಕು ಬರುತ್ತದೆ ನೋಡಿ.

“ಕೆಲಸದ ಹೊತ್ತಿಗೆ ಬಾಯಿ ಮುಚ್ಚಿರಬೇಕು ಅಂತ ನೀವೇ ಅಲ್ಲವೇ ಹೇಳಿದ್ದು?”

“ಬಾಯಿ ಅಂದಿದ್ದೆ. ಕಿವಿ ಅಂದಿರಲಿಲ್ಲ.”

ಗುರುಗಳು ಉಳಿಯನ್ನು ಪೆಟ್ಟಿಗೆಯೊಳಗೆ ಹಾಕಿ ಮುಚ್ಚಳ ಮುಚ್ಚಿದರು. ಮರ ಕೆತ್ತುವ ಬಾಚಿಯನ್ನು ತೆಗೆದು ಅವನ ಮುಂದಿಟ್ಟರು.

“ಹೋಗು. ಹೊಸ್ತಿಲು ತಗ್ಗಿಸಿ ಬಾ.”

ಗೌಡರ ಮನೆಯ ಕೆಲಸ ಕಣ್ಣೆದುರೇ ಕೈತಪ್ಪಿತು. ಮೋನಪ್ಪ ಬಾಚಿಯನ್ನು ಮುಟ್ಟಲಿಲ್ಲ. ನಾಚಿಕೆಯೋ ಸಿಟ್ಟೋ ಅವನಿಗೇ ತಿಳಿಯಲಿಲ್ಲ.

“ಹಾಸಿಗೆ ಹಿಡಿದವಳಿಗೆ ಹೊಸ್ತಿಲು ಎಷ್ಟೆತ್ತರ ಇದ್ದರೇನು ಗುರುಗಳೇ? ಇನ್ನು ಯಾರಿಗಾಗಿ ತಗ್ಗಿಸಲಿ?”

“ಅದನ್ನು ಆಕೆಯನ್ನೇ ಕೇಳು. ಈ ಸಲ ಆಕೆ ಹೇಳಿ ಮುಗಿಸುವವರೆಗೆ ಕೂತಿರು.”