ಡೀಸೆಲ್ ಟ್ಯಾಂಕಿಗೆ ಬೀಗ

ಹೊಳೆದಂಡೆಯ ಆ ಆಶ್ರಮದಲ್ಲಿ ಗರ್ಭಗುಡಿಗೂ ಬೀಗವಿರಲಿಲ್ಲ, ಉಗ್ರಾಣಕ್ಕೂ ಇರಲಿಲ್ಲ. ಇದ್ದದ್ದು ಒಂದೇ ಬೀಗ, ಹಳೆಯ ಪಿಕಪ್ ಗಾಡಿಯ ಡೀಸೆಲ್ ಟ್ಯಾಂಕಿಗೆ. ಅದನ್ನು ಹಾಕಿದವನು ಶಿಷ್ಯ ತೋಂಟೇಶ.

ಮಂಗಳವಾರ, ಶುಕ್ರವಾರ ಆ ಗಾಡಿ ಸುತ್ತಲಿನ ಹಳ್ಳಿಗಳ ನಾಲ್ಕು ಜನ ರೋಗಿಗಳನ್ನು ಡಯಾಲಿಸಿಸ್‌ಗೆಂದು ಪಟ್ಟಣದ ಆಸ್ಪತ್ರೆಗೆ ಒಯ್ಯುತ್ತಿತ್ತು. ಹನ್ನೊಂದು ವರ್ಷದಿಂದ ಅದನ್ನು ಓಡಿಸುತ್ತಿದ್ದವನು ಹುಲಿಗೆಪ್ಪ. ಹೊಳೆಯಾಚೆ ಅವನ ಮನೆ. ಮಾತು ಕಡಿಮೆ. ಅದೊಂದೇ ಅವನು ಮಾಡಿದ ತಪ್ಪು ಅನ್ನಬೇಕು.

ತೋಂಟೇಶ ಐಟಿಐ ಓದಿ ಆಶ್ರಮ ಸೇರಿದವನು. ಧ್ಯಾನಕ್ಕೆ ಕೂತರೂ ಕಿವಿ ಮಾತ್ರ ಇಂಜಿನ್ನಿನ ಕಡೆಗೇ. ಡೀಸೆಲ್ ಶುದ್ಧವಾಗಿ ಹರಿಯಲಿ ಎಂದು ಅಂಗಳದಲ್ಲೇ ಗಾಡಿಗೆ ದೊಡ್ಡ ಫಿಲ್ಟರ್ ಕೂಡಿಸಿದ. ಅದರ ಕೆಳಗೆ, ಡೀಸೆಲಿನೊಳಗಿನ ನೀರು ತಂಗಲೆಂದು, ಒಂದು ಗಾಜಿನ ಬಟ್ಟಲು. ಟ್ಯಾಂಕಿನಿಂದ ಡೀಸೆಲ್ ದಬ್ಬಲು ಕರೆಂಟಿನ ಪಂಪನ್ನೂ ತರಿಸಿದ.

ಮೊದಲ ದಿನ ಬಟ್ಟಲು ಬಿಚ್ಚಿ ನೋಡಿದರೆ ತಳದಲ್ಲಿ ಒಂದು ಹನಿ ನೀರು ಇತ್ತು.

ನೀರು ಎಲ್ಲಿಂದ ಬಂತು? ಅಂದಿನಿಂದ ದಿನಾ ಬೆಳಿಗ್ಗೆ ಸ್ಪ್ಯಾನರ್ ಹಿಡಿದು ಬಟ್ಟಲು ಬಿಚ್ಚುವುದು, ಮೂಸುವುದು, ಮತ್ತೆ ಬಿಗಿಯುವುದು. ಪೂಜೆಗೆ ತಡವಾದರೂ ಇದಕ್ಕೆ ತಡವಿಲ್ಲ. ಪಂಪು ಡಬ್ಬಿಯಲ್ಲೇ ಉಳಿಯಿತು.

ಎರಡು ವಾರಕ್ಕೆ ಬಟ್ಟಲಲ್ಲಿ ಗುಳ್ಳೆಗಳು ಕಂಡವು. ಗಾಡಿ ದಾರಿಯಲ್ಲಿ ನಿಲ್ಲತೊಡಗಿತು. ಶುಕ್ರವಾರ ಕಾಲುವೆ ಸೇತುವೆಯ ಹತ್ತಿರ ನಿಂತದ್ದು ಎರಡು ತಾಸು ಕದಲಲಿಲ್ಲ. ರೋಗಿಗಳಲ್ಲೊಬ್ಬಳಾದ, ಕಾಲು ಬಾತ ಬಸಲಿಂಗವ್ವ ಬಿಸಿಲಲ್ಲಿ ಏದುಸಿರು ಬಿಡುತ್ತ ಕೂತಳು.

ತೋಂಟೇಶ ಗುರು ಅಡವಯ್ಯ ಅಜ್ಜನ ಬಳಿ ಓಡಿದ.

"ಅಜ್ಜಾ, ಹುಲಿಗೆಪ್ಪ ಡೀಸೆಲ್ ಕದ್ದು ಸೀಮೆಎಣ್ಣಿ ಬೆರಸಾಕ ಹತ್ಯಾನ. ಗುಳ್ಳಿ ನೋಡ್ರಿ."

"ಕದಿಯೋದು ಕಂಡಿಯೇನು?"

"ಕಾಣಂಗ ಯಾರ ಕದೀತಾರ್ರಿ?"

"ಹಂಗಾರ ಕಾಣದ್ದಕ್ಕ ನೀನ ಸಾಕ್ಷಿ."

ತೋಂಟೇಶನಿಗೆ ಅದು ಒಪ್ಪಿಗೆಯಂತೆ ಕೇಳಿಸಿತು. ಆ ಸಂಜೆಯೇ ಟ್ಯಾಂಕಿಗೆ ಬೀಗ ಜಡಿದ.

ಹುಲಿಗೆಪ್ಪ ಬೀಗವನ್ನು ನೋಡಿದ. ಮುಟ್ಟಿ ನೋಡಿದ. ಮುಖ ಕಪ್ಪಿಟ್ಟಿತು. ಗಾಡಿಯ ಚಾವಿಯನ್ನು ಅಜ್ಜನ ಮುಂದೆ ಇಟ್ಟ.

"ನಾ ಬರ್ತೀನ್ರಿ ಅಜ್ಜಾ."

ಅಜ್ಜ ತಡೆಯಲಿಲ್ಲ. ಅವನು ಹರಿಗೋಲು ಹತ್ತಿ ಆಚೆ ದಡಕ್ಕೆ ಹೋಗುವವರೆಗೂ ನೋಡುತ್ತ ನಿಂತರು.

ಮಂಗಳವಾರ ತೋಂಟೇಶನೇ ಗಾಡಿ ಓಡಿಸಿದ. ಗಾಡಿ ಅದೇ ಸೇತುವೆಯ ಹತ್ತಿರ ನಿಂತಿತು.

"ಹೋಗೋ ಮುಂದ ಏನೋ ಮಾಡಿ ಹೋಗ್ಯಾನ್ರಿ," ಎಂದ ತೋಂಟೇಶ, ಆಶ್ರಮಕ್ಕೆ ಮರಳಿ ಅಜ್ಜನ ಮುಂದೆ.

"ಇರಬಹುದು."

"ಇಲ್ಲಾಂದ್ರ ಬಂಕಿನವರು."

"ಅವರೂ ಇರಬಹುದು."

ತೋಂಟೇಶ ದನಿ ತಗ್ಗಿಸಿ ಕೇಳಿದ. "ಬೀಗದ ಚಾವಿ ನಿಮ್ಮ ಗೂಡಿನ್ಯಾಗ ಇಟ್ಟಿದ್ದೆ. ಯಾರರ ಬಂದಿದ್ರೇನ್ರಿ?"

"ನಾ ಇದ್ದೆನಲ್ಲ," ಎಂದರು ಅಜ್ಜ.

ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಅಜ್ಜನ ಕೈಯಲ್ಲಿ ಡೀಸೆಲ್ ವಾಸನೆ ಇದೆಯೋ ಎಂದು ತೋಂಟೇಶನ ಮೂಗು ಒಂದು ಕ್ಷಣ ಅರಳಿತು. ಅಜ್ಜ ಅದನ್ನೂ ಕಂಡರು.

ಅವರು ಎದ್ದು ಹೋಗಿ ಪಪ್ಪಾಯಿ ಎಲೆಯ ಟೊಳ್ಳು ದಂಟೊಂದನ್ನು ಮುರಿದು ತಂದರು. ಒಂದು ಲೋಟ ಮಜ್ಜಿಗೆ ಇಟ್ಟರು.

"ಹೀರು."

ತೋಂಟೇಶ ಹೀರಿದ. ಮಜ್ಜಿಗೆ ಬಂತು.

ಅಜ್ಜ ಜಾಲಿಮುಳ್ಳು ತೆಗೆದುಕೊಂಡು ದಂಟಿನ ನಡುವೆ ನಾಲ್ಕೈದು ಸಲ ಚುಚ್ಚಿದರು.

"ಈಗ ಹೀರು."

ಗೊರಗೊರ ಸದ್ದು. ಬಾಯಿಗೆ ಬಂದದ್ದು ಬರೀ ಗುಳ್ಳೆ.

"ತೂತಿನಿಂದ ಮಜ್ಜಿಗಿ ಸೋರಿತೇನು?"

"ಇಲ್ರಿ."

"ಮತ್ತ ಮಜ್ಜಿಗಿ ಕದ್ದವರ್‍ಯಾರು?"

ತೋಂಟೇಶ ಲೋಟ ಕೆಳಗಿಟ್ಟ. ಗಾಡಿಯ ಹತ್ತಿರ ಓಡಿದ.

ಇಂಜಿನ್ ತನ್ನ ಡೀಸೆಲನ್ನು ಟ್ಯಾಂಕಿನಿಂದ ಹೀರಿಕೊಳ್ಳುತ್ತದೆ. ಆ ದಾರಿಯಲ್ಲಿ ಎಲ್ಲಿ ಸಡಿಲವಿದ್ದರೂ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಇದು ಅವನಿಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದ.

ಡಬ್ಬಿ ಒಡೆದು ಪಂಪನ್ನು ಟ್ಯಾಂಕಿನ ಹತ್ತಿರ ಕೂಡಿಸಿದ. ಸ್ವಿಚ್ ಒತ್ತಿದ. ಹೀರುತ್ತಿದ್ದ ಕಡೆ ಈಗ ದಬ್ಬುವ ಬಲ ಬಂದಿತ್ತು. ಒಂದೇ ಒಂದು ಕಡೆ ಡೀಸೆಲ್ ಜಿನುಗಿ ಹನಿ ಕಟ್ಟಿತು. ಬಟ್ಟಲನ್ನು ಬಿಗಿಯುವ ಬೋಲ್ಟಿನ ತಾಮ್ರದ ವಾಷರಿನ ಸುತ್ತ.

ಬಿಚ್ಚಿದಾಗಲೆಲ್ಲ ಆ ವಾಷರನ್ನು ಬದಲಿಸಬೇಕು. ತೋಂಟೇಶ ಅದೊಂದನ್ನೇ ದಿನಾ ಬಿಚ್ಚಿ, ದಿನಾ ಬಿಗಿದು, ಕಾಗದದ ಹಾಗೆ ತೆಳ್ಳಗೆ ಮಾಡಿದ್ದ.

ಬೆನ್ನ ಹಿಂದೆ ಅಜ್ಜ ಬಂದು ನಿಂತಿದ್ದರು.

"ಇದನ್ನ ಯಾರ ಬಿಚ್ಚಿದ್ರು?"

"ನಾನ್ರಿ."

"ಹುಲಿಗೆಪ್ಪ?"

"ಅಂವ ಒಮ್ಮಿನೂ ಮುಟ್ಟಿಲ್ರಿ."

ತೋಂಟೇಶನಿಗೆ ಅಳು ಬಂತು. ಅಜ್ಜನ ಕಾಲಿಗೆ ಬೀಳಲು ಬಗ್ಗಿದ. ಅಜ್ಜ ಕಾಲು ಹಿಂದಕ್ಕೆ ತೆಗೆದುಕೊಂಡರು.

"ಆ ಕಾಲು ಹೊಳಿ ಆಚಿ ಅದಾವ," ಎಂದರು.

ತೋಂಟೇಶ ಹೊಸ ವಾಷರ್ ಹಾಕಿ, ಟ್ಯಾಂಕಿನ ಬೀಗ ತೆಗೆದು, ಹೊಳೆ ದಾಟಿ ಹೋದ. ಹುಲಿಗೆಪ್ಪನ ಅಂಗಳದಲ್ಲಿ, ಅವನ ಹೆಂಡತಿ ಮಕ್ಕಳ ಎದುರಿಗೇ, ನಡೆದದ್ದನ್ನು ಒಂದೂ ಬಿಡದೆ ಹೇಳಿ ಕಾಲು ಹಿಡಿದ. ಹುಲಿಗೆಪ್ಪ ಎಲ್ಲ ಕೇಳಿದ. ಏನೂ ಅನ್ನಲಿಲ್ಲ. ಹೆಗಲಿಗೆ ಟವೆಲ್ ಹಾಕಿಕೊಂಡು ಹರಿಗೋಲಿನತ್ತ ನಡೆದ.

ಶುಕ್ರವಾರ ಬೆಳಿಗ್ಗೆ ಗಾಡಿ ಒಂದೇ ಸಲಕ್ಕೆ ಶುರುವಾಯಿತು. ಬಟ್ಟಲಲ್ಲಿ ಒಂದು ಗುಳ್ಳೆಯೂ ಇಲ್ಲ. ಬಸಲಿಂಗವ್ವನನ್ನು ಹುಲಿಗೆಪ್ಪ ಕೈಹಿಡಿದು ಹತ್ತಿಸಿದ, ಅಜ್ಜನಿಗೆ ಕೈಮುಗಿದ, ಹೊರಟ.

ಗಾಡಿಯ ಸದ್ದು ದೂರವಾಗುವವರೆಗೂ ತೋಂಟೇಶ ದಾರಿಯನ್ನೇ ನೋಡುತ್ತಿದ್ದ. ಆಮೇಲೆ ಅಜ್ಜನ ಕಿವಿಯ ಹತ್ತಿರ ಬಗ್ಗಿದ.

"ಅಜ್ಜಾ, ಅಂವ ಬೈಯಲಿಲ್ಲ, ಒಂದ ಮಾತೂ ಆಡಲಿಲ್ಲ. ಇಷ್ಟ ಸುಮ್ಮ ಅದಾನ ಅಂದ್ರ, ಮನಸಿನ್ಯಾಗ ಏನರ ಇಟ್ಟಕೊಂಡಾನೇನ್ರಿ?"

ಅಜ್ಜ ಅವನ ಕಡೆ ತಿರುಗಿದರು.

"ಹುಲಿಗೆಪ್ಪ ತಿರುಗಿ ಬಂದ, ತೋಂಟೇಶ. ನೀ ಯಾವಾಗ ಬರ್ತಿ?"