ಗಸಗಸೆ ಹಣ್ಣು ಎಲೆಯ ಕೆಳಗೆ ಇಳಿದದ್ದು

ಭೂಮಿ ಆಗಿನ್ನೂ ಹೊಸದು. ನದಿಗಳಿಗೆ ದಾರಿ ಸರಿಯಾಗಿ ಗೊತ್ತಿರಲಿಲ್ಲ, ಕೇಳಿಕೊಂಡು ಹರಿಯುತ್ತಿದ್ದವು. ಮರಗಳು ಮಾತಾಡುತ್ತಿದ್ದವು, ಮನುಷ್ಯರು ಕೇಳಿಸಿಕೊಳ್ಳುತ್ತಿದ್ದರು. ಎರಡನೆಯದು ಆಮೇಲೆ ನಿಂತುಹೋಯಿತು.

ಆಗ ಚೆರ್ರಿ ಮರಗಳು ಇಬ್ಬರು ಅಕ್ಕತಂಗಿಯರು. ಅಕ್ಕ ಚಳಿಯ ಬೆಟ್ಟದಲ್ಲಿದ್ದಳು. ತಂಗಿ ನಮ್ಮ ಬಿಸಿಲಿನ ಸೀಮೆಯಲ್ಲಿದ್ದಳು. ಅವಳನ್ನೇ ನಾವು ಗಸಗಸೆ ಹಣ್ಣಿನ ಮರ ಅನ್ನುತ್ತೇವೆ.

ಅಕ್ಕನ ಸುದ್ದಿಯನ್ನು ಗಾಳಿ ತರುತ್ತಿತ್ತು.

"ನಿಮ್ಮಕ್ಕ ವರ್ಷಕ್ಕೊಂದು ವಾರ ಒಟ್ಟಿಗೇ ಅರಳುತ್ತಾಳೆ. ಜನ ಕೆಳಗೆ ಚಾಪೆ ಹಾಸಿಕೊಂಡು ಕತ್ತೆತ್ತಿ ನೋಡುತ್ತಾರೆ. ಹೂವನ್ನು ಉಪ್ಪಿನಲ್ಲಿಟ್ಟು, ಮದುವೆಯ ದಿನ ಬಿಸಿನೀರಿಗೆ ಹಾಕಿ ಕುಡಿಯುತ್ತಾರೆ. ಕೆಮ್ಮು ಬಂದರೆ ತೊಗಟೆಯ ಕಷಾಯ ಮಾಡುತ್ತಾರೆ."

ತಂಗಿಯೂ ವರ್ಷಕ್ಕೊಂದೇ ವಾರ ಅರಳುತ್ತಿದ್ದಳು. ಎಲೆಯ ಮೇಲೆ ಹೂ, ಅಲ್ಲೇ ಹಣ್ಣು. ನೋಡಲು ಪಿಕಳಾರ ಹಕ್ಕಿಗಳು ಮಾತ್ರ ಬರುತ್ತಿದ್ದವು. ಅವು ಚಾಪೆ ತರುತ್ತಿರಲಿಲ್ಲ.

ಒಂದು ವರ್ಷ ಗಾಳಿ ಓಡೋಡಿ ಬಂತು. "ಇನ್ನು ಎಂಟು ದಿನಕ್ಕೆ ಪಟ್ಟಣದವರು ನಿನ್ನನ್ನು ನೋಡಲು ಬರುತ್ತಾರೆ. ಚಾಪೆ ಹೆಣೆಯುತ್ತಿದ್ದಾರೆ."

ಮರದ ಮೈತುಂಬ ಮೊಗ್ಗಿತ್ತು.

ಮರದ ಪಕ್ಕದಲ್ಲೇ ಹೊನ್ನಜ್ಜಿಯ ಗುಡಿಸಲು. ಅವಳ ಮೊಮ್ಮಗಳು ತುಂಗಿ ಇಪ್ಪತ್ತು ದಿನ ಜ್ವರದಲ್ಲಿ ಮಲಗಿದ್ದಳು. ಜ್ವರ ಬಿಟ್ಟಿತು, ಹಸಿವು ಮಾತ್ರ ಬರಲಿಲ್ಲ. ಅವಳ ಮಂಚವನ್ನು ಮರದ ನೆರಳಿಗೆ ಹಾಕಿದ್ದರು. ಕತ್ತೆತ್ತುವಷ್ಟೂ ಶಕ್ತಿ ಇರಲಿಲ್ಲ.

ನಾಗಣ್ಣ ಪಂಡಿತರು ನಾಡಿ ಹಿಡಿದು ನೋಡಿದರು. "ಹೊಟ್ಟೆಗೆ ಏನಾದರೂ ಹೋಗಬೇಕು ಕಣಮ್ಮ. ಇನ್ನೊಂದು ವಾರ ಹೀಗೇ ಆದರೆ ಮಗು ಉಳಿಯಲ್ಲ."

"ಗಂಜಿ ಕೊಟ್ಟೆ, ಉಗುಳಿದಳು. ನಿಮ್ಮ ಕಷಾಯವನ್ನೂ ಕೊಟ್ಟೆ."

"ಏನಂದಳು?"

"ನೀವೇ ಕುಡೀಬೇಕಂತೆ."

ಅಷ್ಟರಲ್ಲಿ, ಅವಸರಪಟ್ಟು ಮೊದಲೇ ಮಾಗಿದ್ದ ಒಂದು ಹಣ್ಣು ಮಂಚದ ಮೇಲೆ ಬಿತ್ತು. ತುಂಗಿ ಬಾಯಿಗಿಟ್ಟಳು. ಬೆಲ್ಲದ ಹಾಲಿಗೆ ಗಸಗಸೆ ಕಲಸಿದ ರುಚಿ.

"ಅಜ್ಜಿ, ಇನ್ನೊಂದು."

ಹೊನ್ನಜ್ಜಿ ಮರದ ಕಡೆ ತಿರುಗಿದಳು. "ತಾಯಿ, ದಿನಕ್ಕೆ ಮೂರು ಹಣ್ಣು ಕೊಡು. ಇವಳು ಎದ್ದು ಓಡಾಡೋ ತನಕ."

"ಎಲ್ಲ ಒಟ್ಟಿಗೆ ಅರಳಿದರೆ ಹಣ್ಣು ಒಂದೇ ವಾರಕ್ಕೆ ಮುಗಿಯುತ್ತೆ ಅಜ್ಜಿ. ದಿನಾ ಕೊಡಬೇಕಾದರೆ ದಿನಕ್ಕೆ ಮೂರೇ ಹೂ ಬಿಡಬೇಕು. ಪಟ್ಟಣದವರು ಬರುತ್ತಿದ್ದಾರೆ."

"ಬರಲಿ. ಅವರು ಮನೆಗೆ ಹೋಗಿ ಉಣ್ಣುತ್ತಾರೆ."

ಮರ ಒಂದು ಮಧ್ಯಾಹ್ನ ಪೂರ್ತಿ ಯೋಚಿಸಿತು. ಮರಗಳ ಲೆಕ್ಕದಲ್ಲಿ ಅದು ದುಡುಕು.

ಮರುದಿನ ಮೂರು ಹೂ ಅರಳಿದವು. ಮಧ್ಯಾಹ್ನಕ್ಕೆ ಎಸಳು ಉದುರಿ, ಸಂಜೆಗೆ ಹಣ್ಣಾದವು. ತಡಮಾಡುವುದು ಆಗಿನ್ನೂ ರೂಢಿಗೆ ಬಂದಿರಲಿಲ್ಲ.

ಆದರೆ ಹಣ್ಣು ಎಲೆಯ ಮೇಲಿತ್ತು. ಪಿಕಳಾರ ಮೊದಲು ನೋಡಿತು, ಮೂರನ್ನೂ ತಿಂದಿತು. ಮಲಗಿದ್ದ ತುಂಗಿಗೆ ಎಲೆಯ ಬೆನ್ನು ಮಾತ್ರ ಕಂಡಿತು. "ಏನೂ ಇಲ್ಲ" ಎಂದು ಮಗ್ಗುಲಾದಳು.

ಮರುದಿನವೂ ಹೂ ಮೇಲೆಯೇ ಅರಳಿತು, ಜೇನು ಬಂದು ಹೋಯಿತು. ಎಸಳು ಉದುರಿದ್ದೇ ಮರ ತನ್ನ ತೊಟ್ಟುಗಳನ್ನು ಮೆಲ್ಲಗೆ ಬಾಗಿಸಿ ಎಲೆಯ ಕೆಳಕ್ಕೆ ಇಳಿಸಿತು. ಮಂಚದಿಂದ ನೋಡಿದರೆ ಮೂರು ಕೆಂಪು ಹಣ್ಣು, ಕಣ್ಣಿಗೆ ನೇರ.

"ಅಜ್ಜಿ, ಅಗೋ."

"ನನಗೆ ಕಾಣಿಸುತ್ತಿಲ್ಲವಲ್ಲ," ಅಂದಿತು ಪಿಕಳಾರ.

"ಮಲಗಿ ನೋಡು," ಅಂದಿತು ಮರ.

ಎಂಟನೇ ದಿನ ಪಟ್ಟಣದವರು ಬಂದರು. ಮೂರು ಹೂ ನೋಡಿದರು. "ಇಷ್ಟೇನಾ?" ಅಂದರು ಒಬ್ಬರು. "ನಿನ್ನೆಯೇ ಬರಬೇಕಿತ್ತೋ ಏನೋ," ಅಂದರು ಇನ್ನೊಬ್ಬರು. ಚಾಪೆ ಸುತ್ತಿಕೊಂಡು ಹೊರಟರು. ಒಂದು ಚಾಪೆ ಮರೆತುಹೋಯಿತು.

ತಿಂಗಳು ಕಳೆಯುವಷ್ಟರಲ್ಲಿ ತುಂಗಿ ಎದ್ದು ಓಡಾಡಿದಳು. ನಾಗಣ್ಣ ಪಂಡಿತರು ತಮ್ಮ ಕಷಾಯದ ಮಹಿಮೆಯನ್ನು ನಾಲ್ಕೂರಿಗೆ ಹೇಳಿಬಂದರು.

"ಮಗು ಎದ್ದಳಲ್ಲ ತಾಯಿ. ಇನ್ನು ನಿನ್ನಿಷ್ಟದ ಹಾಗೆ ಅರಳು," ಅಂದಳು ಹೊನ್ನಜ್ಜಿ.

ಮರ ಉತ್ತರಿಸುವ ಮೊದಲೇ ತುಂಗಿ ಆ ಮರೆತ ಚಾಪೆಯನ್ನು ಎಳೆದು ತಂದು ಬುಡದಲ್ಲಿ ಹಾಸಿದಳು. ಅದರ ಮೇಲೆ ಅಂಗಾತ ಮಲಗಿ, ಎಲೆಗಳನ್ನು ಒಂದೊಂದಾಗಿ ನೋಡತೊಡಗಿದಳು.

ಒಂದೇ ವಾರ ಒಟ್ಟಿಗೆ ಅರಳುವ ಯೋಚನೆಯನ್ನು ಮರ ಅವತ್ತೇ ಬಿಟ್ಟಿತು.

ಅದಕ್ಕೇ ಇವತ್ತಿಗೂ ಗಸಗಸೆ ಮರ ವರ್ಷವಿಡೀ ದಿನಕ್ಕೆ ಕೆಲವೇ ಹೂ ಬಿಡುತ್ತದೆ, ಹಣ್ಣನ್ನು ಎಲೆಯ ಕೆಳಗೇ ಇಡುತ್ತದೆ. ನಿಂತು ಹುಡುಕಿ ಸಿಗಲಿಲ್ಲವಾದರೆ ಒಂದು ಚಾಪೆ ತಂದು ಹಾಸು.